ಮೊದಲು ಟೆಕ್ಸ್ಟ್ ಬಾಕ್ಸ್, ಆಮೇಲೆ ಲೈಬ್ರರಿ

ಒಂದು ವಿಂಡೊ, ಅದರಲ್ಲಿ ನಾಲ್ಕು ಬಟನ್, ಹೆಸರು ವಿಳಾಸ ತುಂಬಲು ಎರಡು ಪೆಟ್ಟಿಗೆ, ಕೆಳಗೊಂದು ಉದ್ದನೆಯ ಪಟ್ಟಿ. ಸೊಸೈಟಿಯ ಲೆಕ್ಕವಿರಲಿ, ಶಾಲೆಯ ದಾಖಲಾತಿ ಪುಸ್ತಕವಿರಲಿ, ಔಷಧಿ ಅಂಗಡಿಯ ಬಿಲ್ಲಿರಲಿ, ಡೆಸ್ಕ್‌ಟಾಪ್ ತಂತ್ರಾಂಶದ ಮುಖ ಬಹುಪಾಲು ಇಷ್ಟೇ. ಈ ಬಟನ್ನು, ಪೆಟ್ಟಿಗೆ, ಪಟ್ಟಿಗಳನ್ನು ಇವತ್ತು ಯಾರೂ ಬುಡದಿಂದ ಬರೆಯುವುದಿಲ್ಲ. ಬೇರೆಯವರು ಬರೆದು, ಪಳಗಿಸಿ ಇಟ್ಟಿರುವ ಕ್ಲಾಸ್‌ಗಳ ಸಂಗ್ರಹವನ್ನು ತಂದು ತಮಗೆ ಬೇಕಾದಂತೆ ಜೋಡಿಸಿಕೊಳ್ಳುತ್ತಾರೆ. ಅದೇ ಕ್ಲಾಸ್ ಲೈಬ್ರರಿ. ಕ್ಯೂಟ್, ಜಿಟಿಕೆ, ಡಬ್ಲ್ಯುಎಕ್ಸ್‌ವಿಜೆಟ್ಸ್, ವಿಂಡೋಸ್ ಫಾರ್ಮ್ಸ್, ಡಬ್ಲ್ಯುಪಿಎಫ್, ಸ್ವಿಂಗ್, ಜಾವಾಎಫ್‌ಎಕ್ಸ್, ಟಿಕಿಂಟರ್, ಫ್ಲಟರ್: ಹೆಸರುಗಳಿಗೆ ಬರವಿಲ್ಲ, ಆರಿಸುವ ಕ್ರಮಕ್ಕೆ ಬರವಿದೆ. ಹೆಚ್ಚಿನವರು ಎರಡರಲ್ಲೊಂದು ಮಾಡುತ್ತಾರೆ. ತಮಗೆ ಬರುವ ಪ್ರೋಗ್ರಾಮಿಂಗ್ ಭಾಷೆಯ ಜೊತೆ ಪುಕ್ಕಟೆಯಾಗಿ ಬಂದದ್ದನ್ನು ಹಿಡಿದುಕೊಳ್ಳುತ್ತಾರೆ, ಇಲ್ಲವೇ ಡೆಮೊ ಚಿತ್ರಗಳಲ್ಲಿ ಯಾವುದು ಚೆಂದವೋ ಅದಕ್ಕೆ ಮನಸೋಲುತ್ತಾರೆ. ಈ ಲೇಖನದ ವಾದ ಬೇರೆ. ಆಯ್ಕೆಯನ್ನು ಟೆಕ್ಸ್ಟ್ ಬಾಕ್ಸ್‌ನಿಂದ ಶುರು ಮಾಡಿ, ಅದರಲ್ಲೂ ಕನ್ನಡ ತುಂಬಿದ ಟೆಕ್ಸ್ಟ್ ಬಾಕ್ಸ್‌ನಿಂದ. ಅಲ್ಲಿ ಸೋತ ಲೈಬ್ರರಿಯ ಮಿಕ್ಕ ಗುಣಗಳನ್ನು ಲೆಕ್ಕ ಹಾಕುತ್ತ ಕೂರುವ ಅಗತ್ಯವಿಲ್ಲ.

ಬಟನ್ ಮಾಡುವುದು ದೊಡ್ಡ ವಿದ್ಯೆಯಲ್ಲ: ಒಂದು ಚೌಕ, ಒಂದು ಹೆಸರು, ಒತ್ತಿದಾಗ ಕರೆಯಬೇಕಾದ ಒಂದು ಫಂಕ್ಷನ್. ಟೆಕ್ಸ್ಟ್ ಬಾಕ್ಸ್ ಹಾಗಲ್ಲ. ಕೀಬೋರ್ಡಿನಿಂದ ಬಂದದ್ದನ್ನು ಇನ್‌ಪುಟ್ ವ್ಯವಸ್ಥೆಯ ಮೂಲಕ ಅದು ಪಡೆಯಬೇಕು, ಸರಿಯಾದ ಫಾಂಟ್ ಹುಡುಕಬೇಕು, ಅಕ್ಷರಗಳನ್ನು ಜೋಡಿಸಬೇಕು, ಕರ್ಸರ್ ಎಲ್ಲಿ ನಿಲ್ಲಬಹುದೆಂದು ಲೆಕ್ಕ ಹಾಕಬೇಕು, ಮೌಸ್ ಎಳೆದಾಗ ಎಲ್ಲಿಂದ ಎಲ್ಲಿಗೆ ಆಯ್ಕೆಯಾಯಿತೆಂದು ತಿಳಿಯಬೇಕು, ಸಾಲು ಮುರಿಯಬೇಕು, ಮಾಡಿದ್ದನ್ನು ರದ್ದುಪಡಿಸಬೇಕು, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಕೇಳಿದಾಗ ಇದ್ದದ್ದನ್ನು ಹೇಳಬೇಕು. ಇಂಗ್ಲಿಷಿನಲ್ಲಿ ಇವುಗಳಲ್ಲಿ ಅರ್ಧ ಕೆಲಸ ಮಾಡದೆಯೂ ನಿಭಾಯಿಸಿಬಿಡಬಹುದು, ಒಂದು ಕೀಗೆ ಒಂದು ಅಕ್ಷರ, ಒಂದು ಅಕ್ಷರಕ್ಕೆ ಒಂದು ಚಿತ್ರ. ಕನ್ನಡದಲ್ಲಿ ಆ ಸುಲಭವಿಲ್ಲ. ‘ಕರ್ನಾಟಕ’ ಎಂಬುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ಅದು ಏಳು ಸಂಕೇತಗಳ ಸಾಲು: ಕ, ರ, ಹಲಂತ, ನ, ದೀರ್ಘದ ಚಿಹ್ನೆ, ಟ, ಕ. ಮುಂದೆ ಬಂದ ರಕಾರವನ್ನು ಅರ್ಕಾವತ್ತಾಗಿ ಮಾಡಿ ನಕಾರದ ಬೆನ್ನಿಗೆ ಕೂರಿಸುವ ಕೆಲಸವನ್ನು ಯಾರೋ ಮಾಡಲೇಬೇಕು. ಹಳೆಯ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವರು ಮಾಡುತ್ತಿದ್ದ ಕೆಲಸ ಅದು. ಈಗ ಅದು ಲೈಬ್ರರಿಯ ಅಥವಾ ಅದರ ಕೆಳಗಿರುವ ಆಪರೇಟಿಂಗ್ ಸಿಸ್ಟಂನ ಪಾಲಿಗೆ ಬಂದಿದೆ.

ಹಿಂದೆ ಹೀಗಿರಲಿಲ್ಲ, ಅಥವಾ ಹೀಗಿದ್ದದ್ದು ಕಾಣುತ್ತಿರಲಿಲ್ಲ. ‘ಬರಹ’, ‘ನುಡಿ’ಗಳ ಮೊದಲ ಆವೃತ್ತಿಗಳ ಕಾಲದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ತುಣುಕುಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಫಾಂಟ್‌ಗಳಿದ್ದವು. ಲೈಬ್ರರಿಗೆ ಅದು ಕನ್ನಡವೆಂಬ ಸುಳಿವೇ ಇರಲಿಲ್ಲ, ಇಂಗ್ಲಿಷಿನ ಅರ್ಥವಿಲ್ಲದ ಸಾಲೊಂದನ್ನು ತೋರಿಸುತ್ತಿದ್ದೇನೆಂದೇ ಅದರ ಎಣಿಕೆ. ಹಾಗಾಗಿ ಯಾವ ಲೈಬ್ರರಿಯಲ್ಲಾದರೂ ಕನ್ನಡ ಕಾಣುತ್ತಿತ್ತು. ಬೆಲೆ ತೆತ್ತದ್ದು ಬೇರೆ ಕಡೆ: ಹುಡುಕಿದರೆ ಸಿಗದು, ಅಕಾರಾದಿಯಾಗಿ ಜೋಡಿಸಲಾಗದು, ಫಾಂಟ್ ಬದಲಾಯಿಸಿದರೆ ಎಲ್ಲ ಕಲಸುಮೇಲೋಗರ. ಯೂನಿಕೋಡ್ ಬಂದ ಮೇಲೆ ದತ್ತಾಂಶ ಶುದ್ಧವಾಯಿತು, ಜೋಡಣೆಯ ಹೊರೆ ಫಾಂಟಿನಿಂದ ತಂತ್ರಾಂಶಕ್ಕೆ ವರ್ಗವಾಯಿತು. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ ‘ತುಂಗಾ’ ಫಾಂಟ್ ಬಂದಾಗ ಆ ಹೊರೆಯನ್ನು ವಿಂಡೋಸ್ ಹೊತ್ತುಕೊಂಡಿತು. ಆದರೆ ವಿಂಡೋಸ್ ಹೊತ್ತುಕೊಂಡಿತೆಂದ ಮಾತ್ರಕ್ಕೆ ನೀವು ಆರಿಸಿದ ಲೈಬ್ರರಿ ಅದರ ಹೆಗಲನ್ನು ಬಳಸುತ್ತದೆಂದು ಅರ್ಥವಲ್ಲ.

ಮೊದಲ ಹೆಜ್ಜೆಗೆ ಕಂಪ್ಯೂಟರ್ ಬೇಡ, ಒಂದು ಹಾಳೆ ಸಾಕು. ತಂತ್ರಾಂಶ ಯಾವ ಯಾವ ಆಪರೇಟಿಂಗ್ ಸಿಸ್ಟಂನಲ್ಲಿ ಓಡಬೇಕು, ಎಷ್ಟು ವರ್ಷ ಬದುಕಬೇಕು, ಅದರ ಕೋಡನ್ನು ಎಲ್ಲರಿಗೂ ತೆರೆದಿಡುತ್ತೀರೋ ಮುಚ್ಚಿ ಮಾರುತ್ತೀರೋ, ಈ ಮೂರನ್ನು ಬರೆದುಕೊಳ್ಳಿ. ವಿಂಡೋಸ್ ಒಂದೇ ಸಾಕೆಂದರೆ ಮೈಕ್ರೋಸಾಫ್ಟಿನ ಸ್ವಂತ ಲೈಬ್ರರಿಗಳು ಕಣಕ್ಕಿಳಿಯುತ್ತವೆ. ಲಿನಕ್ಸ್ ಕೂಡ ಬೇಕೆಂದರೆ ಅವು ಅಲ್ಲಿಗೇ ಬಿದ್ದುಹೋಗುತ್ತವೆ. ಉಳಿದವುಗಳಲ್ಲಿ ಎರಡೋ ಮೂರೋ ಹೆಸರು ಇಟ್ಟುಕೊಂಡು ಮುಂದಿನ ಹೆಜ್ಜೆಗೆ ಹೋಗಿ.

ಪರೀಕ್ಷೆಯ ಪದಗಳು

ಪ್ರತಿ ಲೈಬ್ರರಿಯಲ್ಲೂ ಒಂದು ವಿಂಡೊ ಮಾಡಿ. ಅದರಲ್ಲಿ ಒಂದು ಸಾಲಿನ ಟೆಕ್ಸ್ಟ್ ಬಾಕ್ಸ್, ಹಲವು ಸಾಲಿನ ಇನ್ನೊಂದು, ಮೂರು ಕಾಲಂಗಳ ಒಂದು ಪಟ್ಟಿ, ಒಂದು ಪ್ರಿಂಟ್ ಬಟನ್ ಇರಲಿ. ಒಂದೊಂದಕ್ಕೆ ಅರ್ಧ ದಿನ ಹಿಡಿದೀತು. ಈಗ ಪೆಟ್ಟಿಗೆಯೊಳಗೆ ಕನ್ನಡ ಹಾಕಿ, ಬೇರೆಡೆಯಿಂದ ತಂದು ಪೇಸ್ಟ್ ಮಾಡಬೇಡಿ, ಟೈಪ್ ಮಾಡಿ. ಕೆ.ಪಿ. ರಾವ್ ವಿನ್ಯಾಸವೋ ಇನ್‌ಸ್ಕ್ರಿಪ್ಟೋ, ನಿಮ್ಮ ಬಳಕೆದಾರರ ಕೈಗೆ ಯಾವುದು ರೂಢಿಯೋ ಅದರಲ್ಲೇ. ಪೇಸ್ಟ್ ಮಾಡಿದಾಗ ಅಚ್ಚುಕಟ್ಟಾಗಿ ಕಾಣುವ ಕನ್ನಡವನ್ನು ಟೈಪ್ ಮಾಡಲು ಹೋದರೆ ಕೀಲಿಗಳೇ ತಲುಪದ ಲೈಬ್ರರಿಗಳಿವೆ. ಇನ್‌ಪುಟ್ ವ್ಯವಸ್ಥೆಯ ಜೊತೆ ಮಾತಾಡುವ ಭಾಗವನ್ನು ಯಾರೂ ಬರೆದಿರುವುದಿಲ್ಲ, ಇಲ್ಲವೇ ಪ್ಯಾಕೇಜ್ ಮಾಡುವಾಗ ಬಿಟ್ಟುಹೋಗಿರುತ್ತದೆ.

ಮೊದಲ ಪದ ‘ರಾಜ್‌ಕುಮಾರ್’. ಇದರಲ್ಲಿ ಜಕಾರದ ಹಲಂತದ ನಂತರ ಕಣ್ಣಿಗೆ ಕಾಣದ ಒಂದು ಸಂಕೇತವಿದೆ, ಎರಡು ಅಕ್ಷರಗಳು ಕೂಡಿಕೊಳ್ಳಬಾರದೆಂದು ಹೇಳುವಂಥದ್ದು. ಅದನ್ನು ಕಡೆಗಣಿಸುವ ಲೈಬ್ರರಿ ‘ರಾಜ್ಕುಮಾರ್’ ಎಂದು ತೋರಿಸುತ್ತದೆ, ಇನ್ನೂ ಕೆಟ್ಟದು ಆ ಜಾಗದಲ್ಲಿ ಖಾಲಿ ಚೌಕವೊಂದನ್ನು ಬಿಡಿಸುತ್ತದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗಲೂ ಇದೇ ಕಥೆ. ಎರಡನೆಯ ಪದ ‘ಸ್ತ್ರೀಶಕ್ತಿ’. ನಮಗೆ ಮೂರು ಅಕ್ಷರ, ಕಂಪ್ಯೂಟರಿಗೆ ಹನ್ನೊಂದು ಸಂಕೇತ. ಪೆಟ್ಟಿಗೆಗೆ ಹತ್ತು ಅಕ್ಷರಗಳ ಮಿತಿ ಹಾಕಿ ಇದನ್ನು ಟೈಪ್ ಮಾಡಿ ನೋಡಿ: ಕೊನೆಯ ಗುಡಿಸು ಹೊರಗೆ ಉಳಿದು ‘ಸ್ತ್ರೀಶಕ್ತ’ ಎಂದು ನಿಂತುಬಿಡುತ್ತದೆ. ಸಂಘದ ಹೆಸರನ್ನು ಹೀಗೆ ಕತ್ತರಿಸಿ ದಾಖಲೆಗೆ ಸೇರಿಸಿದ ತಂತ್ರಾಂಶವನ್ನು ಆಮೇಲೆ ಯಾರು ತಿದ್ದಬೇಕು? ಲೈಬ್ರರಿ ಮಿತಿಯನ್ನು ಯಾವುದರಲ್ಲಿ ಎಣಿಸುತ್ತದೆ, ನೀವೇ ಬೇರೆ ರೀತಿ ಎಣಿಸಲು ಅವಕಾಶ ಕೊಡುತ್ತದೆಯೇ ಎಂಬುದನ್ನು ಇಲ್ಲಿಯೇ ನೋಡಿಕೊಳ್ಳಬೇಕು. ಹಾಗೆಯೇ ಪಟ್ಟಿಯ ಕಾಲಂ ಅಗಲವನ್ನು ಕುಗ್ಗಿಸುತ್ತ ಹೋಗಿ. ಜಾಗ ಸಾಲದೆ ಮೂರು ಚುಕ್ಕಿ ಹಾಕುವಾಗ ಲೈಬ್ರರಿ ಅಕ್ಷರವನ್ನು ಇಡಿಯಾಗಿ ಬಿಡುತ್ತದೋ, ಒತ್ತನ್ನು ಕಿತ್ತು ಬರೀ ಹಲಂತ ಉಳಿಸುತ್ತದೋ ತಿಳಿಯುತ್ತದೆ.

ಆಮೇಲೆ ಬಾಣದ ಕೀಲಿ. ‘ಕರ್ನಾಟಕ’ದ ಮೇಲೆ ಒಂದೊಂದೇ ಹೆಜ್ಜೆ ಕರ್ಸರ್ ನಡೆಸಿ. ‘ರ್ನಾ’ ಎಂಬ ಅಕ್ಷರದ ಹೊಟ್ಟೆಯೊಳಗೆ ಕರ್ಸರ್ ನಿಲ್ಲುತ್ತದೆಯೇ? ನಿಂತರೆ ಅಲ್ಲಿ ಏನು ಕಾಣುತ್ತದೆ? ಬ್ಯಾಕ್‌ಸ್ಪೇಸ್ ಒತ್ತಿದಾಗ ಒಂದು ಸಂಕೇತ ಹೋಗುತ್ತದೋ ಇಡೀ ಅಕ್ಷರವೋ? ಡಿಲೀಟ್ ಒತ್ತಿದಾಗ? ಇದಕ್ಕೆ ಒಂದೇ ಸರಿಯುತ್ತರವಿಲ್ಲ, ಲೈಬ್ರರಿಯಿಂದ ಲೈಬ್ರರಿಗೆ ನಡವಳಿಕೆ ಬದಲಾಗುತ್ತದೆ. ಇಲ್ಲಿ ಒಂದು ಸಣ್ಣ ಸಂಗತಿ ಹೇಳಲೇಬೇಕು. ಒತ್ತಕ್ಷರಗಳನ್ನು ಒಡೆಯದೆ ಒಂದೇ ಘಟಕವಾಗಿ ಎಣಿಸಬೇಕೆಂಬ ನಿಯಮವನ್ನು ಯೂನಿಕೋಡ್ 2023ರಲ್ಲಿ, ತನ್ನ 15.1ನೇ ಆವೃತ್ತಿಯಲ್ಲಿ, ಕೆಲವು ಭಾರತೀಯ ಲಿಪಿಗಳಿಗೆ ತಂದಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಅದರಲ್ಲಿದ್ದವು, ಕನ್ನಡ ಇರಲಿಲ್ಲ. ಅಂದರೆ ನಿಯಮವನ್ನು ಚಾಚೂ ತಪ್ಪದೆ ಪಾಲಿಸುವ ಲೈಬ್ರರಿಯೂ ತೆಲುಗಿನಲ್ಲಿ ಒಂದು ರೀತಿ, ಅಕ್ಕಪಕ್ಕದ ಕನ್ನಡದಲ್ಲಿ ಇನ್ನೊಂದು ರೀತಿ ವರ್ತಿಸಬಹುದು. ಹಿಂದಿಯಲ್ಲಿ ಚೆನ್ನಾಗಿದೆ, ಹಾಗಾಗಿ ಕನ್ನಡದಲ್ಲೂ ಚೆನ್ನಾಗಿರುತ್ತದೆ ಎಂಬ ಭರವಸೆಯನ್ನು ನಂಬಬೇಡಿ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಈ ಪರೀಕ್ಷೆಯಲ್ಲಿ ಲೈಬ್ರರಿಗಳು ಹೇಗೆ ಬೇರೆಬೇರೆಯಾಗುತ್ತವೆ ಎಂಬುದರ ಹಿಂದೆ ಒಂದು ತರ್ಕವಿದೆ. ಕೆಲವು ಲೈಬ್ರರಿಗಳು ಆಪರೇಟಿಂಗ್ ಸಿಸ್ಟಂನದೇ ಪೆಟ್ಟಿಗೆ, ಬಟನ್‌ಗಳನ್ನು ಕರೆತಂದು ಕೂರಿಸುತ್ತವೆ. ಡಬ್ಲ್ಯುಎಕ್ಸ್‌ವಿಜೆಟ್ಸ್ ಇಂಥದ್ದು: ವಿಂಡೋಸ್‌ನಲ್ಲಿ ವಿಂಡೋಸ್‌ನ ಪೆಟ್ಟಿಗೆ, ಮ್ಯಾಕ್‌ನಲ್ಲಿ ಮ್ಯಾಕ್‌ನದು, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಜಿಟಿಕೆಯದು. ಅದರ ಕನ್ನಡ ಆಯಾ ಮನೆಯೊಡೆಯನ ಕನ್ನಡದಷ್ಟೇ ಚೆನ್ನ. ಇನ್ನು ಕೆಲವು ಎಲ್ಲವನ್ನೂ ತಾವೇ ಬಿಡಿಸುತ್ತವೆ. ಕ್ಯೂಟ್, ಜಿಟಿಕೆ, ಡಬ್ಲ್ಯುಪಿಎಫ್, ಸ್ವಿಂಗ್, ಫ್ಲಟರ್ ಈ ಗುಂಪು. ತಾವೇ ಬಿಡಿಸುವವರು ಜೋಡಣೆಯ ಕೆಲಸವನ್ನೂ ತಾವೇ ಕಲಿತಿರಬೇಕು. ಕ್ಯೂಟ್ ಮತ್ತು ಜಿಟಿಕೆ ಅದಕ್ಕೆ ‘ಹಾರ್ಫ್‌ಬಜ್’ ಎಂಬ ಮುಕ್ತ ತಂತ್ರಾಂಶವನ್ನು ಆಶ್ರಯಿಸಿವೆ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲೂ ಕನ್ನಡ ಜೋಡಿಸುವುದು ಇದೇ. ಸ್ವಂತವಾಗಿ ಬಿಡಿಸಿಯೂ ಜೋಡಣೆ ಕಲಿಯದವರು ಸಿಕ್ಕಿಬೀಳುತ್ತಾರೆ. ಆಟಗಳ ಪರಿಕರಗಳಲ್ಲಿ ಜನಪ್ರಿಯವಾಗಿರುವ ‘ಡಿಯರ್ ಇಮ್‌ಗುಯಿ’ ಜೋಡಣೆಯನ್ನು ಮಾಡುವುದೇ ಇಲ್ಲ. ಪೈಥಾನ್ ಕಲಿತವರೆಲ್ಲ ಮೊದಲು ಕೈಹಾಕುವ ಟಿಕಿಂಟರ್‌ನ ಕಥೆ ಇನ್ನೂ ಪಾಠವಾಗುವಂಥದ್ದು. ಅದರ ಅಡಿಯಲ್ಲಿರುವ ‘ಟಿಕೆ’ಯ 8.6ರ ಸರಣಿ ಲಿನಕ್ಸ್‌ನಲ್ಲಿ ಸಂಕೇತಗಳನ್ನು ಒಂದರ ಪಕ್ಕ ಒಂದು ಇಡುತ್ತದೆ, ಅಷ್ಟೆ. ರಕಾರ, ಅದರ ಪಕ್ಕ ಒಂಟಿ ಹಲಂತ, ಆಮೇಲೆ ನಕಾರ. ಅದೇ ಕೋಡನ್ನು ವಿಂಡೋಸ್‌ನಲ್ಲಿ ಓಡಿಸಿದರೆ ಕೆಳಗಿನಿಂದ ವಿಂಡೋಸ್ ಕೈಹಿಡಿಯುವುದರಿಂದ ‘ಕರ್ನಾಟಕ’ ಸರಿಯಾಗಿಯೇ ಕಾಣುತ್ತದೆ. ಒಂದು ಕಂಪ್ಯೂಟರಿನಲ್ಲಿ ಪಾಸಾದದ್ದು ಇನ್ನೊಂದರಲ್ಲಿ ಫೇಲಾಗುವುದು ಹೀಗೆ. ನಿಮ್ಮ ಹಾಳೆಯಲ್ಲಿ ಎಷ್ಟು ಆಪರೇಟಿಂಗ್ ಸಿಸ್ಟಂ ಬರೆದಿದ್ದೀರೋ ಅಷ್ಟರಲ್ಲೂ ಪರೀಕ್ಷಿಸಿ.

ಇಷ್ಟು ಹೇಳಿದ ಮೇಲೆ ಬರುವ ಮೊದಲ ಆಕ್ಷೇಪ ಊಹಿಸಬಹುದು: ನಮ್ಮ ತಂತ್ರಾಂಶದ ಮೆನುಗಳೆಲ್ಲ ಇಂಗ್ಲಿಷಿನಲ್ಲೇ ಇರುತ್ತವೆ, ಕನ್ನಡದ ಉಸಾಬರಿ ನಮಗೇಕೆ? ಮೆನು ಯಾವ ಭಾಷೆಯಲ್ಲಿರಬೇಕೆಂಬುದು ನಿಮ್ಮ ತೀರ್ಮಾನ, ಸರಿ. ಆದರೆ ಪೆಟ್ಟಿಗೆಯೊಳಗೆ ಏನು ತುಂಬಬೇಕೆಂಬುದು ಬಳಕೆದಾರನ ತೀರ್ಮಾನ. ಗಿರಾಕಿಯ ಹೆಸರು, ಊರಿನ ಹೆಸರು, ಷರಾ ಬರೆಯುವ ಜಾಗ, ಇವುಗಳಿಗೆ ಒಂದಲ್ಲ ಒಂದು ದಿನ ಯಾರಾದರೂ ಕನ್ನಡ ತುಂಬಿಯೇ ತುಂಬುತ್ತಾರೆ, ಆ ಹೊತ್ತಿಗೆ ಲೈಬ್ರರಿ ಬದಲಾಯಿಸುವ ಕಾಲ ಮುಗಿದಿರುತ್ತದೆ. ಕರ್ನಾಟಕದಲ್ಲಿ ಮಾರಾಟವಾಗದ, ಕನ್ನಡ ಎಂದೂ ಮುಟ್ಟದ ತಂತ್ರಾಂಶವೇ ಆಗಿದ್ದರೂ ಈ ಪರೀಕ್ಷೆಗೆ ಬೇರೆ ಬೆಲೆಯಿದೆ. ಒಂದು ಲೈಬ್ರರಿಯ ಬೆನ್ನಿಗೆ ಎಷ್ಟು ಜನ, ಎಷ್ಟು ವರ್ಷ ಗಂಭೀರವಾಗಿ ಕೂತು ಕೆಲಸ ಮಾಡಿದ್ದಾರೆಂದು ಹೊರಗಿನವರಿಗೆ ತಿಳಿಯುವುದು ಕಷ್ಟ. ಡೆಮೊದಲ್ಲಿ ಕಾಣದ, ಯಾರೂ ಹೊಗಳದ, ಬೇಸರದ ಕೆಲಸವನ್ನು ಅವರು ಮಾಡಿ ಮುಗಿಸಿದ್ದಾರೆಯೇ ಎಂದು ನೋಡುವುದು ಅದಕ್ಕೊಂದು ದಾರಿ. ಅರ್ಕಾವತ್ತು ಸರಿಯಾಗಿ ಕೂರಿಸಿದವರು ಅಂಥ ಕೆಲಸಕ್ಕೆ ಹೆದರಿಲ್ಲ. ಇದು ಸುಳಿವೇ ಹೊರತು ಪುರಾವೆಯಲ್ಲ, ಒಪ್ಪುತ್ತೇನೆ. ಪಠ್ಯದಲ್ಲಿ ಗೆದ್ದ ಲೈಬ್ರರಿಯೂ ಬೇರೆ ಕಡೆ ಎಡವಬಹುದು, ಅದಕ್ಕೇ ಅದೇ ವಿಂಡೊದಲ್ಲಿ ಇನ್ನು ಮೂರು ಸಂಗತಿ ನೋಡಬೇಕು.

ಓದಿಸಿ, ಜೋಡಿಸಿ, ಮುದ್ರಿಸಿ

ಮೊದಲನೆಯದು ಸ್ಕ್ರೀನ್ ರೀಡರ್. ವಿಂಡೋಸ್‌ನಲ್ಲಿ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ, ಅದರ ಜೊತೆಗಿರುವ ಇಸ್ಪೀಕ್ ಧ್ವನಿಗೆ ಕನ್ನಡವೂ ಬರುತ್ತದೆ. ಉಚ್ಚಾರ ಯಂತ್ರದಂತಿದ್ದರೂ ಅರ್ಥವಾಗುತ್ತದೆ. ಮಾನಿಟರ್ ಆಫ್ ಮಾಡಿ, ಮೌಸ್ ಬಿಟ್ಟು, ಬರೀ ಟ್ಯಾಬ್ ಕೀಲಿಯಲ್ಲಿ ನಿಮ್ಮ ವಿಂಡೊದೊಳಗೆ ಓಡಾಡಿ. ಆಪರೇಟಿಂಗ್ ಸಿಸ್ಟಂನ ಪೆಟ್ಟಿಗೆಯನ್ನೇ ಕರೆತರುವ ಲೈಬ್ರರಿಗೆ ಇಲ್ಲಿ ಹುಟ್ಟಿನಿಂದಲೇ ಅನುಕೂಲವಿದೆ, ಸ್ಕ್ರೀನ್ ರೀಡರ್‌ಗೆ ಆ ಪೆಟ್ಟಿಗೆಯ ಪರಿಚಯ ಮೊದಲೇ ಇರುತ್ತದೆ. ಎನ್‌ವಿಡಿಎಯ ಸ್ವಂತ ಸೆಟ್ಟಿಂಗ್ಸ್ ವಿಂಡೊಗಳು ಡಬ್ಲ್ಯುಎಕ್ಸ್‌ವಿಜೆಟ್ಸ್‌ನ ಪೈಥಾನ್ ರೂಪದಲ್ಲಿ ಬರೆದವು. ಕಣ್ಣು ಕಾಣದವರಿಗಾಗಿ ತಂತ್ರಾಂಶ ಮಾಡುವವರೇ ಆರಿಸಿಕೊಂಡದ್ದು ಅದು. ತಾವೇ ಬಿಡಿಸುವ ಗುಂಪಿನಲ್ಲಿ ಕ್ಯೂಟ್, ಡಬ್ಲ್ಯುಪಿಎಫ್ ಇದಕ್ಕೆ ಬೇಕಾದ ಸೇತುವೆ ಕಟ್ಟಿಕೊಂಡಿವೆ. ಡಿಯರ್ ಇಮ್‌ಗುಯಿಯ ವಿಂಡೊ ಸ್ಕ್ರೀನ್ ರೀಡರ್‌ಗೆ ಬರೀ ಒಂದು ಚಿತ್ರ.

ಎರಡನೆಯದು ಪಟ್ಟಿ. ಅದರಲ್ಲಿ ಬಸವನಗುಡಿ, ಬಳ್ಳಾರಿ ಎರಡನ್ನೂ ತುಂಬಿ, ಕಾಲಂ ಶೀರ್ಷಿಕೆ ಒತ್ತಿ ಅಕಾರಾದಿಯಾಗಿ ಜೋಡಿಸಿ. ನಮ್ಮ ವರ್ಣಮಾಲೆಯಲ್ಲಿ ಳಕಾರ ಕೊನೆಗೆ, ಹಕಾರದ ನಂತರ ಬರುತ್ತದೆ, ಹಾಗಾಗಿ ನಿಘಂಟಿನ ಕ್ರಮದಲ್ಲಿ ಬಸವನಗುಡಿ ಮೊದಲು. ಯೂನಿಕೋಡ್ ಕೋಷ್ಟಕದಲ್ಲಿ ಳಕಾರ ಲಕಾರದ ಪಕ್ಕದಲ್ಲೇ, ವಕಾರಕ್ಕಿಂತ ಮೊದಲೇ ಕೂತಿದೆ. ಬರೀ ಸಂಕೇತಗಳ ಸಂಖ್ಯೆ ನೋಡಿ ಜೋಡಿಸುವ ಪಟ್ಟಿಯಲ್ಲಿ ಬಳ್ಳಾರಿ ಮೇಲೆ ಬಂದುಬಿಡುತ್ತದೆ. ಭಾಷೆಗೆ ತಕ್ಕ ಕ್ರಮವನ್ನು ಲೈಬ್ರರಿಯೇ ಕೊಡುತ್ತದೋ, ಹೋಲಿಸುವ ಫಂಕ್ಷನ್ನನ್ನು ನೀವೇ ಬರೆದು ಕೊಡಲು ಬಿಡುತ್ತದೋ ನೋಡಿ. ಎರಡೂ ಇಲ್ಲದಿದ್ದರೆ ಆ ಪಟ್ಟಿ ಕನ್ನಡದ ಮಟ್ಟಿಗೆ ಅಲಂಕಾರಕ್ಕೆ ಮಾತ್ರ. ಅದೇ ಪಟ್ಟಿಗೆ ಒಂದು ಲಕ್ಷ ಸಾಲು ತುಂಬಿ ಉರುಳಿಸಿ ನೋಡುವುದನ್ನೂ ಮರೆಯಬೇಡಿ. ಕಣ್ಣಿಗೆ ಕಾಣುವ ಸಾಲುಗಳನ್ನಷ್ಟೇ ಬಿಡಿಸುವ ಏರ್ಪಾಡು ಕ್ಯೂಟ್, ಜಿಟಿಕೆ 4, ಡಬ್ಲ್ಯುಎಕ್ಸ್‌ವಿಜೆಟ್ಸ್ ಮೂರರಲ್ಲೂ ಇದೆ, ಆದರೆ ಆರಂಭದ ಪಾಠಗಳಲ್ಲಿ ಕಲಿಸುವ ಸರಳ ಪಟ್ಟಿ ಸಾಮಾನ್ಯವಾಗಿ ಅದಲ್ಲ.

ಮೂರನೆಯದು ಮುದ್ರಣ. ಬಿಲ್ಲು, ರಸೀದಿ, ದೃಢೀಕರಣ ಪತ್ರ ಇಲ್ಲದ ಕಚೇರಿ ತಂತ್ರಾಂಶ ನಮ್ಮಲ್ಲಿ ಅಪರೂಪ. ಪರದೆಯ ಮೇಲೆ ಸರಿಯಾಗಿ ಕಂಡ ಕನ್ನಡ ಕಾಗದದ ಮೇಲೆ ಒಡೆದುಹೋಗಬಹುದು, ಏಕೆಂದರೆ ಪಿಡಿಎಫ್ ಬರೆಯುವ ಭಾಗ ಎಷ್ಟೋ ಸಲ ಬೇರೆಯವರ ಕೋಡು. ಕ್ಯೂಟ್, ಜಿಟಿಕೆ, ಡಬ್ಲ್ಯುಎಕ್ಸ್‌ವಿಜೆಟ್ಸ್‌ಗಳಲ್ಲಿ ಮುದ್ರಣ ಒಳಗೇ ಇದೆ. ಟಿಕೆಯಲ್ಲಿ 8.6ರವರೆಗೆ ಅಂಥದ್ದಿರಲಿಲ್ಲ, 9.0ರಲ್ಲಿ ಬಂತು. ಫ್ಲಟರ್‌ನಲ್ಲಿ ಹೊರಗಿನ ಪ್ಯಾಕೇಜ್ ಹುಡುಕಬೇಕು. ಮುದ್ರಿಸಿದ ಪಿಡಿಎಫ್ ತೆರೆದು ಒಂದು ಸಾಲು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿ. ಮೂಲದಲ್ಲಿದ್ದದ್ದೇ ಬಂದರೆ ನಿಮ್ಮ ಅದೃಷ್ಟ ದೊಡ್ಡದು. ಬರದಿದ್ದರೆ ಲೈಬ್ರರಿಯನ್ನು ತಿರಸ್ಕರಿಸಬೇಕಾಗಿಲ್ಲ, ಪಿಡಿಎಫ್‌ನ ಕನ್ನಡ ಎಲ್ಲೆಡೆಯೂ ಹಳೆಯ ರೋಗ. ಆದರೆ ಆ ಪಿಡಿಎಫ್‌ನಲ್ಲಿ ಹೆಸರು ಹುಡುಕಬಹುದೆಂದು ಗಿರಾಕಿಗೆ ಮಾತು ಕೊಡಬೇಡಿ.

ಎರಡನೆಯ ಆಕ್ಷೇಪ ಇಲ್ಲಿ ಏಳುತ್ತದೆ, ಇದು ಮೊದಲಿನದಕ್ಕಿಂತ ಗಟ್ಟಿ. ಪಠ್ಯವೇ ಕಷ್ಟವೆಂದಾದರೆ ಅದನ್ನು ಅತ್ಯುತ್ತಮವಾಗಿ ಮಾಡುವ ಬ್ರೌಸರನ್ನೇ ಏಕೆ ಡೆಸ್ಕ್‌ಟಾಪ್ ತಂತ್ರಾಂಶವಾಗಿ ಮಾಡಬಾರದು? 2013ರಲ್ಲಿ ಗಿಟ್‌ಹಬ್ ಸಂಸ್ಥೆಯಲ್ಲಿ ಹುಟ್ಟಿದ ಎಲೆಕ್ಟ್ರಾನ್ ಮಾಡುವುದು ಅದನ್ನೇ, ವಿಎಸ್ ಕೋಡ್ ನಿಂತಿರುವುದು ಅದರ ಮೇಲೆ. ಪಠ್ಯ, ಸ್ಕ್ರೀನ್ ರೀಡರ್, ಭಾಷಾನುಸಾರ ಜೋಡಣೆ, ಈ ಲೇಖನ ಕೇಳುವ ಬಹುತೇಕ ಪರೀಕ್ಷೆಗಳಲ್ಲಿ ಎಲೆಕ್ಟ್ರಾನ್ ಒಳ್ಳೆಯ ಅಂಕ ತೆಗೆಯುತ್ತದೆ, ಇದನ್ನು ಮುಚ್ಚಿಡುವುದು ಸರಿಯಲ್ಲ. ತೆರಬೇಕಾದ ಬೆಲೆ ಇಷ್ಟು: ನಾಲ್ಕು ಪೆಟ್ಟಿಗೆಗಳ ಸಣ್ಣ ತಂತ್ರಾಂಶದ ಹೊಟ್ಟೆಯೊಳಗೂ ಒಂದು ಇಡೀ ಕ್ರೋಮಿಯಂ ಬ್ರೌಸರ್ ಇರುತ್ತದೆ, ಗಾತ್ರ ಡಿಸ್ಕಿನ ಮೇಲೆ ನೂರು ಎಂಬಿ ದಾಟುತ್ತದೆ, ಬ್ರೌಸರಿನ ಪ್ರತಿಯೊಂದು ಭದ್ರತಾ ದೋಷಕ್ಕೂ ನೀವು ಹೊಸ ಆವೃತ್ತಿ ಹಂಚುತ್ತಿರಬೇಕು. ಹೊಸ ಯಂತ್ರ, ಒಳ್ಳೆಯ ಇಂಟರ್ನೆಟ್ ಇರುವ ಕಚೇರಿಗೆ ಇದು ಹೊರೆಯಲ್ಲ. 4 ಜಿಬಿ ಮೆಮೊರಿಯ ಹಳೆಯ ಕಂಪ್ಯೂಟರಿನಲ್ಲಿ ಲೆಕ್ಕದ ತಂತ್ರಾಂಶವೂ ಬ್ರೌಸರೂ ಒಟ್ಟಿಗೆ ತೆರೆದಿರುವ ಕಡೆ ಹೊರೆಯೇ. ನಿಮ್ಮ ತಂಡಕ್ಕೆ ವೆಬ್ ಕೆಲಸ ಮಾತ್ರ ಗೊತ್ತಿದ್ದು, ಯಂತ್ರಗಳೂ ಗಟ್ಟಿಯಾಗಿದ್ದರೆ ಎಲೆಕ್ಟ್ರಾನ್ ಆರಿಸಿಕೊಂಡದ್ದಕ್ಕೆ ನಾಚಬೇಕಾಗಿಲ್ಲ.

ಮನೆತನ ವಿಚಾರಿಸುವುದು

ಹೆಣ್ಣು ಗಂಡು ನೋಡುವಾಗ ಮನೆತನ ವಿಚಾರಿಸುವಂತೆ ಲೈಬ್ರರಿಯದ್ದನ್ನೂ ವಿಚಾರಿಸಬೇಕು, ಬಾಳಬೇಕಾದದ್ದು ವರ್ಷಗಟ್ಟಲೆ. ಯಾರು ದುಡ್ಡು ಹಾಕುತ್ತಿದ್ದಾರೆ, ದೊಡ್ಡ ಆವೃತ್ತಿ ಬದಲಾದಾಗ ಹಳಬರನ್ನು ಹೇಗೆ ನಡೆಸಿಕೊಂಡರು ಎಂಬುದು ಇಲ್ಲಿನ ಪ್ರಶ್ನೆ. ಜಿಟಿಕೆ ಹುಟ್ಟಿದ್ದೇ ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕಾಗಿ. ಆ ಜಿಂಪ್, 2011ರಲ್ಲಿ ಬಂದ ಜಿಟಿಕೆ 3ಕ್ಕೆ ಹೊಂದಿಕೊಂಡು 3.0 ಆವೃತ್ತಿಯಾಗಿ ಹೊರಬಂದದ್ದು 2025ರ ಮಾರ್ಚಿನಲ್ಲಿ, ಅಷ್ಟರಲ್ಲಿ ಜಿಟಿಕೆ 4 ಬಂದು ನಾಲ್ಕು ವರ್ಷ ಕಳೆದಿತ್ತು. ತಾಯಿಯ ಮನೆಗೇ ಇಷ್ಟು ಹೊತ್ತು ಹಿಡಿದರೆ ಇಬ್ಬರೋ ಮೂವರೋ ಇರುವ ತಂಡದ ಪಾಡನ್ನು ಯೋಚಿಸಿ. ಮೈಕ್ರೋಸಾಫ್ಟಿನ ಅಂಗಳದಲ್ಲಿ ಇನ್ನೊಂದು ನೋಟ ಸಿಗುತ್ತದೆ. ವಿಂಡೋಸ್ ಫಾರ್ಮ್ಸ್ (2002), ಡಬ್ಲ್ಯುಪಿಎಫ್ (2006), ಸಿಲ್ವರ್‌ಲೈಟ್ (2007), ಯುಡಬ್ಲ್ಯುಪಿ (2015), ವಿನ್‌ಯುಐ 3 (2021), ಮಾವಿ (2022), ಒಂದರ ಹಿಂದೊಂದು ಇದೇ ಭವಿಷ್ಯ ಎಂದು ಸಾರಿದವು. ಸಿಲ್ವರ್‌ಲೈಟ್‌ಗೆ ಬೆಂಬಲ 2021ರ ಅಕ್ಟೋಬರಿನಲ್ಲಿ ನಿಂತಿತು. ಎಲ್ಲಕ್ಕಿಂತ ಹಳೆಯ ವಿಂಡೋಸ್ ಫಾರ್ಮ್ಸ್ ಇನ್ನೂ ಗಟ್ಟಿಯಾಗಿ ನಿಂತಿದೆ, ಅದಕ್ಕೂ ಹಿಂದಿನ, 1992ರ ಎಂಎಫ್‌ಸಿ ಕೂಡ ವಿಷುಯಲ್ ಸ್ಟುಡಿಯೊದಲ್ಲಿ ಈಗಲೂ ಸಿಗುತ್ತದೆ. ಹೊಸದರ ಹಿಂದೆ ಓಡಿದವರಿಗಿಂತ ಹಳೆಯದರಲ್ಲಿ ಕೂತವರು ಈ ಅಂಗಳದಲ್ಲಿ ಸುಖವಾಗಿದ್ದಾರೆ.

ಕ್ಯೂಟ್ ಕೈ ಬದಲಾಯಿಸಿದಷ್ಟು ಬೇರೆ ಯಾವುದೂ ಬದಲಾಯಿಸಿಲ್ಲವೇನೋ. ನಾರ್ವೆಯ ಟ್ರೋಲ್‌ಟೆಕ್‌ನಿಂದ 2008ರಲ್ಲಿ ನೋಕಿಯಾಕ್ಕೆ, ಅಲ್ಲಿಂದ ಫಿನ್ಲೆಂಡಿನ ಡಿಜಿಯಾಗೆ, ಕೊನೆಗೆ ಅದರಿಂದ ಬೇರ್ಪಟ್ಟ ಕ್ಯೂಟ್ ಕಂಪನಿಗೆ. ಇಷ್ಟಾದರೂ ಅದು ಉಳಿದದ್ದಕ್ಕೆ ಒಂದು ಕಾಗದ ಪತ್ರವೂ ಕಾರಣ. 1998ರಲ್ಲಿ, ಲಿನಕ್ಸ್‌ನ ಕೆಡಿಇ ಡೆಸ್ಕ್‌ಟಾಪ್ ಕಟ್ಟುವ ಬಳಗದ ಜೊತೆ ಮಾಡಿಕೊಂಡ ಒಪ್ಪಂದದಂತೆ, ಮುಕ್ತ ಆವೃತ್ತಿಯನ್ನು ಕಂಪನಿ ನಿಲ್ಲಿಸಿದರೆ ಆ ಕೋಡನ್ನು ಇನ್ನೂ ಸಡಿಲವಾದ ಲೈಸೆನ್ಸ್‌ನಲ್ಲಿ ಬಿಡುಗಡೆ ಮಾಡುವ ಹಕ್ಕು ಒಂದು ಪ್ರತಿಷ್ಠಾನಕ್ಕಿದೆ. ಬೇರೆಡೆ ಇದ್ದವರೂ ಇತ್ತ ಬಂದಿದ್ದಾರೆ: ವಿಡಿಯೊ ಪ್ಲೇಯರ್ ವಿಎಲ್‌ಸಿ 2008ರಲ್ಲಿ ಡಬ್ಲ್ಯುಎಕ್ಸ್‌ವಿಜೆಟ್ಸ್ ಬಿಟ್ಟು, ನೆಟ್‌ವರ್ಕ್ ಪರಿಶೀಲಿಸುವ ವೈರ್‌ಶಾರ್ಕ್ 2015ರಲ್ಲಿ ಜಿಟಿಕೆ ಬಿಟ್ಟು ಕ್ಯೂಟ್‌ಗೆ ಬಂದವು. ಇದಕ್ಕೆ ಎದುರಾಗಿ ಒಂದು ಮಾತು: 2020ರಲ್ಲಿ ಕಂಪನಿ ದೀರ್ಘಾವಧಿ ಬೆಂಬಲದ ಆವೃತ್ತಿಗಳನ್ನು ಹಣ ಕೊಟ್ಟವರಿಗೆ ಮಾತ್ರ ಎಂದು ಘೋಷಿಸಿತು. ಉಚಿತವಾಗಿ ಬಳಸುವವರು ಆವೃತ್ತಿಯಿಂದ ಆವೃತ್ತಿಗೆ ಜಿಗಿಯುತ್ತಲೇ ಇರಬೇಕು.

ಲೈಸೆನ್ಸ್ ವಿಷಯದಲ್ಲಿ ಹೆಚ್ಚು ಉದ್ದ ಬೇಡ, ಆದರೆ ಎರಡು ಗುಂಡಿಗಳಿವೆ. ಪೈಥಾನ್‌ನಲ್ಲಿ ಕ್ಯೂಟ್ ಬಳಸಲು ಎರಡು ದಾರಿ, ಪೈಕ್ಯೂಟ್ ಮತ್ತು ಪೈಸೈಡ್. ಕೋಡು ನೋಡಲು ಅವಳಿಜವಳಿ. ಪೈಕ್ಯೂಟ್ ಜಿಪಿಎಲ್ ಅಡಿಯಲ್ಲಿದೆ, ಕೋಡು ಮುಚ್ಚಿ ಮಾರುವುದಾದರೆ ಅದರ ವಾಣಿಜ್ಯ ಲೈಸೆನ್ಸ್ ಕೊಳ್ಳಬೇಕು. ಪೈಸೈಡ್ ಎಲ್‌ಜಿಪಿಎಲ್ ಅಡಿಯಲ್ಲಿದೆ, ಷರತ್ತುಗಳನ್ನು ಪಾಲಿಸಿದರೆ ಮುಚ್ಚಿದ ತಂತ್ರಾಂಶದಲ್ಲೂ ಬಳಸಬಹುದು. ಪಾಠದ ವಿಡಿಯೊ ನೋಡಿ ಮೊದಲನೆಯದರಲ್ಲಿ ಶುರು ಮಾಡಿ, ಮಾರುವ ಹೊತ್ತಿಗೆ ಎಚ್ಚೆತ್ತುಕೊಳ್ಳುವುದು ಸಾಮಾನ್ಯ ತಪ್ಪು. ಇನ್ನೊಂದು ಗುಂಡಿ, ಕ್ಯೂಟ್‌ನೊಳಗಿನ ಎಲ್ಲ ಭಾಗಗಳಿಗೂ ಎಲ್‌ಜಿಪಿಎಲ್ ಅನ್ವಯಿಸುವುದಿಲ್ಲ. ಗ್ರಾಫ್‌ಗಳನ್ನು ಬಿಡಿಸುವ ಕ್ಯೂಟ್ ಚಾರ್ಟ್ಸ್ ಜಿಪಿಎಲ್‌ನದು. ಡಬ್ಲ್ಯುಎಕ್ಸ್‌ವಿಜೆಟ್ಸ್ ಈ ವಿಚಾರದಲ್ಲಿ ಉದಾರಿ, ನಿಮ್ಮ ಕೋಡು ತೆರೆಯಬೇಕೆಂದು ಕೇಳುವುದಿಲ್ಲ.

ಕೊನೆಯ ಆಕ್ಷೇಪ: ನನಗೆ ಬರುವುದು ಒಂದೇ ಭಾಷೆ, ಅದಕ್ಕೆ ಒಗ್ಗುವ ಲೈಬ್ರರಿಯನ್ನೇ ಆರಿಸಬೇಕಲ್ಲ? ಇದಕ್ಕೆ ಬಲವಿದೆ, ಕಲಿಕೆಗೂ ಸಮಯ ಬೇಕು. ಆದರೆ ಭಾಷೆ ನಿಮ್ಮನ್ನು ಒಂದೇ ಬಾಗಿಲಿಗೆ ನೂಕುವುದು ಅಪರೂಪ. ಪೈಥಾನ್ ಬಲ್ಲವರಿಗೆ ಟಿಕಿಂಟರ್ ಜೊತೆ ಪೈಸೈಡ್, ಡಬ್ಲ್ಯುಎಕ್ಸ್‌ಪೈಥಾನ್, ಜಿಟಿಕೆ ಎಲ್ಲವೂ ಸಿಗುತ್ತವೆ. ಸಿ-ಶಾರ್ಪ್ ಬಲ್ಲವರಿಗೆ ವಿಂಡೋಸ್ ಫಾರ್ಮ್ಸ್, ಡಬ್ಲ್ಯುಪಿಎಫ್, ಲಿನಕ್ಸ್ ಬೇಕೆಂದರೆ ಅವಲೋನಿಯಾ ಇವೆ. ಜಾವಾದವರಿಗೆ ಸ್ವಿಂಗ್ ಮನೆಯೊಳಗೇ ಇದೆ. ಜಾವಾಎಫ್‌ಎಕ್ಸ್ ಅನ್ನು 2018ರ ಜಾವಾ 11ರಿಂದ ಹೊರಗಿಟ್ಟಿರುವುದರಿಂದ ಬೇರೆಯಾಗಿ ತಂದುಕೊಳ್ಳಬೇಕು. ಹಾಗಾಗಿ ಭಾಷೆಯನ್ನು ಇಟ್ಟುಕೊಂಡೇ ಲೈಬ್ರರಿಯನ್ನು ಪರೀಕ್ಷೆಗೆ ಒಡ್ಡಬಹುದು.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಪು ಹೀಗಿದೆ. ವಿಂಡೋಸ್ ಒಂದೇ ಸಾಕೆಂದಿದ್ದರೆ ಸಿ-ಶಾರ್ಪ್ ಮತ್ತು ಡಬ್ಲ್ಯುಪಿಎಫ್, ಫಾರಂ ತುಂಬುವ ಸರಳ ಕೆಲಸವಾದರೆ ವಿಂಡೋಸ್ ಫಾರ್ಮ್ಸ್. ಎರಡು ಮೂರು ಆಪರೇಟಿಂಗ್ ಸಿಸ್ಟಂಗಳು ಬೇಕಿದ್ದರೆ ಕ್ಯೂಟ್, ಸಿ++ ಬಾರದವರು ಪೈಸೈಡ್ ಮೂಲಕ. ಸ್ಕ್ರೀನ್ ರೀಡರ್ ಬಳಸುವವರು ನಿಮ್ಮ ಗಿರಾಕಿಗಳಲ್ಲಿದ್ದರೆ, ಅಥವಾ ಲೈಸೆನ್ಸಿನ ತಲೆನೋವೇ ಬೇಡವೆಂದಿದ್ದರೆ ಡಬ್ಲ್ಯುಎಕ್ಸ್‌ವಿಜೆಟ್ಸ್. ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪಿಗೆಂದೇ ಬರೆಯುವವರಿಗೆ ಜಿಟಿಕೆ. ಟಿಕಿಂಟರ್ ತರಗತಿಯಲ್ಲಿ ಕಲಿಯಲು ಚೆನ್ನ, ಕನ್ನಡ ತುಂಬುವ ಲಿನಕ್ಸ್ ಕಂಪ್ಯೂಟರಿಗೆ ಸದ್ಯಕ್ಕೆ ಬೇಡ. ಈ ತೀರ್ಪನ್ನೂ ಕಣ್ಣುಮುಚ್ಚಿ ಒಪ್ಪಬೇಡಿ, ನಿಮ್ಮ ವಿಂಡೊದಲ್ಲಿ ‘ರಾಜ್‌ಕುಮಾರ್’ ಎಂದು ಟೈಪ್ ಮಾಡಿಯೇ ನೋಡಿ. ಆಯ್ಕೆ ಮುಗಿದ ಮೇಲೆ ಆ ಪರೀಕ್ಷೆಯ ವಿಂಡೊದ ಕೋಡನ್ನು ಅಳಿಸಿಹಾಕಬೇಡಿ. ಲೈಬ್ರರಿಯ ಹೊಸ ಆವೃತ್ತಿ ಬಂದ ದಿನ ಮೊದಲು ಓಡಿಸಬೇಕಾದದ್ದು ಅದನ್ನೇ.